ಕೆಂಪು ಬಾಳೆ ಹಣ್ಣಾದ ದಿನ

ಭೌತಶಾಸ್ತ್ರದ ಮೇಷ್ಟ್ರು ಸಸ್ಯಶಾಸ್ತ್ರದ ಮೇಡಮ್ಮನ್ನು ಮದುವೆಯಾದರೆ ಏನಾಗುತ್ತದೆಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಹಾಲು ಒಡೆದರೂ ಎರಡು ಕಾರಣಗಳಿರುತ್ತವೆ. ನಾನು ಬಿಸಿಲು ಎನ್ನುತ್ತೇನೆ, ಮಹಾದೇವಿ ಸೂಕ್ಷ್ಮಜೀವಿ ಎನ್ನುತ್ತಾಳೆ. ಚಹಾ ಮಾತ್ರ ಇಬ್ಬರಿಗೂ ಸಿಗುವುದಿಲ್ಲ.

ಈ ಸಲ ಕಮಲಾಪುರದ ನನ್ನ ಭಾವಮೈದ ಶರಣಪ್ಪನ ಮಗಳ ಮದುವೆ ಕಲಬುರಗಿಯಲ್ಲಿ ಗೊತ್ತಾಯಿತು. ಬಂದವರಿಗೆಲ್ಲ ತನ್ನ ತೋಟದ ಕೆಂಪು ಬಾಳೆಹಣ್ಣನ್ನೇ ಕೊಡಬೇಕೆಂಬುದು ಅವನ ಆಸೆ. "ಅಕ್ಕಾ, ಮದುವಿ ದಿನಾನೇ ಹಣ್ಣಾಗಬೇಕ್ ನೋಡು. ಹಿಂದೂ ಬ್ಯಾಡ, ಮುಂದೂ ಬ್ಯಾಡ. ಗೊನಿ ಯಾವಾಗ ಕಡೀಲಿ?" ಎಂದು ಕೇಳಿದ. ಅವನಿಗೆ ಭಯವಿತ್ತು. ಹಿಂದೆ ಅವನ ಮನೆಯ ಗೃಹಪ್ರವೇಶಕ್ಕೆ ನಾವಿಬ್ಬರೂ ಸಲಹೆ ಕೊಟ್ಟು, ಬಂದವರೆಲ್ಲ ಕಾಯಿ ಅಗಿದಿದ್ದರು.

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಮ್ಮ ಮಗಳು ಅಶ್ವಿನಿ ಮಧ್ಯೆ ಬಂದಳು. ಪರೀಕ್ಷೆಗೆಂದು ಒಂದು ಗೊನೆಯನ್ನು ಮೊದಲೇ ತರಿಸಿ ಹಿಂದಿನ ಕೋಣೆಯಲ್ಲಿಟ್ಟಳು. ಕೋಣೆಯ ಉಷ್ಣಾಂಶ ಬರೆಯುವ ಕೆಲಸ ನನ್ನದು. ಕಾಯಿ ಬಿಡುವ ಅನಿಲ ಹಣ್ಣಾಗುವುದನ್ನು ಹೇಗೆ ಚುರುಕು ಮಾಡುತ್ತದೆಂಬ ವಿವರ ಅವಳಮ್ಮನದು. ಸಿಪ್ಪೆಯ ಬಣ್ಣ ನೋಡುವ ಕಣ್ಣು ಶರಣಪ್ಪನದು. ಗೊನೆ ಯಾವ ದಿನ ಕಡಿಯಬೇಕೆಂದು ಲೆಕ್ಕ ಹಾಕಲು ಅಶ್ವಿನಿ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದಳು.

"ಇದರಾಗ ನನ್ನ ಫಿಸಿಕ್ಸ್ ಎಲ್ಲಿ ಅದವಾ?" ಎಂದೆ.

"ಅದಕ್ಕ ಫಿಸಿಕ್ಸ್, ಬಾಟನಿ ಅಂತ ಭೇದ ಗೊತ್ತಾಗಂಗಿಲ್ಲಪ್ಪ. ಬಿಸಿಲೂ ಮಾಹಿತಿನೇ, ವಾಸನಿನೂ ಮಾಹಿತಿನೇ. ಎಲ್ಲಾ ಒಂದೇ ಲೆಕ್ಕದಾಗ ಕುಂತಾವ."

ನಾವು ಗಂಡ ಹೆಂಡತಿ ಇಷ್ಟು ವರ್ಷದಲ್ಲಿ ಒಂದೇ ಲೆಕ್ಕದಲ್ಲಿ ಕುಳಿತದ್ದು ಅದೇ ಮೊದಲು.

ಲೆಕ್ಕ ಗುರುವಾರ ಕಡಿಯಿರಿ ಎಂದಿತು. ನಾನು ಶನಿವಾರ ಎಂದೆ, ಮಹಾದೇವಿ ಮಂಗಳವಾರ ಎಂದಳು. ಶರಣಪ್ಪ ನಮ್ಮಿಬ್ಬರ ಮುಖ ನೋಡಿ, "ಗುರುವಾರನೇ ಕಡೀತೀನ್ರಿ" ಎಂದ.

ಮದುವೆಯ ದಿನ ಹಣ್ಣು ಸುಲಿದವರೆಲ್ಲ ಎರಡನೆಯದಕ್ಕೆ ಕೈ ಚಾಚಿದರು. ಶರಣಪ್ಪನ ಬೀಗರು, "ಏನ್ ಹಣ್ರೀ ಇವು" ಎನ್ನುತ್ತಾ ಒಂದು ಚಿಪ್ಪನ್ನೇ ಚೀಲಕ್ಕೆ ಇಳಿಸಿದರು. ನನ್ನ ಎದೆ ಉಬ್ಬಿತು. ಛತ್ರದ ಬಾಗಿಲಲ್ಲಿ ನಿಂತು ಸಿಕ್ಕವರಿಗೆಲ್ಲ ಮಗಳನ್ನು ತೋರಿಸಿ, ಇದು ಭೌತಶಾಸ್ತ್ರದ ಗೆಲುವು ಎಂದೆ. ಊಟದ ಸಾಲಿನಲ್ಲಿ ಮಹಾದೇವಿ ಅದನ್ನೇ ಸಸ್ಯಶಾಸ್ತ್ರಕ್ಕೆ ಬರೆದುಕೊಡುತ್ತಿದ್ದಳು.

ಬೀಗರು ಅಶ್ವಿನಿಯನ್ನೇ ಕೇಳಿದರು, "ನಿಮ್ಮ ಅಪ್ಪಾರದು ಏನ್ ಪಾಲವಾ ಇದರಾಗ?"

"ಉಷ್ಣಾಂಶ ರೀ. ನಾ ಇನ್ನೊಂದು ಮಾಪಕ ಇಟ್ಟು ನೋಡಿದೆ, ಅಪ್ಪ ಬರೆದಿದ್ದೆಲ್ಲಾ ತಪ್ಪಿತ್ತು. ಆದ್ರ ದಿನಾ ಸರಿಯಾಗಿ ಅಷ್ಟೇ ಡಿಗ್ರಿ ತಪ್ಪು. ಅದಕ್ಕ ತಿದ್ದೂದು ಭಾಳ ಸಲೀಸಾತು."

ತಪ್ಪಿನಲ್ಲಿಯೂ ಇಂಥ ಶಿಸ್ತು ಎಷ್ಟು ಜನಕ್ಕಿರುತ್ತದೆ? ಇದನ್ನೂ ನಾಲ್ಕು ಜನಕ್ಕೆ ಹೇಳಿಯೇ ನಾನು ಛತ್ರದಿಂದ ಹೊರಟೆ.