ಎರಡು ಪುಟ, ಒಂದೇ ಬೆರಳಚ್ಚು

ಎಲ್ಲಕ್ಕೂ ಮೂಲ ತಂಡದ ಮುಖ್ಯಸ್ಥರು ಬೆಳಗಿನ ಸಭೆಯಲ್ಲಿ ಆಕಳಿಸುತ್ತ ಆಡಿದ ಒಂದು ಮಾತು: "ಎಲ್ಲಿ, ತೋರ್ಸಿ ನೋಡೋಣ." ಅವರು ಬಾಯಿ ಮುಚ್ಚಿಕೊಂಡಿದ್ದರೆ ಸಂಶಯರಾಯರು ಅಂದು ಸಂಜೆ ಕಾಯಂ ನೌಕರಿಯ ಆದೇಶಪತ್ರ ಹಿಡಿದು ಮನೆಗೆ ಹೋಗುತ್ತಿದ್ದರು.

ಸಂಶಯರಾಯರು ಎಂಬುದು ಕಚೇರಿಯವರೇ ಇಟ್ಟ ಹೆಸರು. ಲಿಫ್ಟುಗಳನ್ನು ಏರಿಸಿ ಇಳಿಸುವ ಪ್ರೋಗ್ರಾಂ ಬರೆಯುವ ಆ ಕಂಪನಿಯಲ್ಲಿ ಅವರು ಒಂಬತ್ತು ವರ್ಷ ಗುತ್ತಿಗೆಯ ಮೇಲೆ ದುಡಿದಿದ್ದರು. ಎಲ್ಲರೂ ಬರೆದ ಕೋಡನ್ನು ಇಡುವ ಉಗ್ರಾಣ ನೋಡಿಕೊಳ್ಳುವುದು ಅವರ ಕೆಲಸ. ಈ ಉಗ್ರಾಣ ಪ್ರತಿಯೊಂದು ಕಡತಕ್ಕೂ ಹೆಬ್ಬೆಟ್ಟಿನ ಗುರುತಿನಂಥ ನಲವತ್ತು ಅಕ್ಷರದ ಬೆರಳಚ್ಚು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಬೆರಳಚ್ಚು ಒಂದೇ ಆದರೆ ಕಡತವೂ ಒಂದೇ ಎಂದು ನಂಬಿಬಿಡುತ್ತದೆ, ಒಳಗೆ ಇಣುಕುವ ಗೋಜಿಗೇ ಹೋಗುವುದಿಲ್ಲ. ಆ ಲೆಕ್ಕ ಹಳೆಯದಾಯಿತು, ಕೈಚಳಕದ ಕಳ್ಳನೊಬ್ಬ ಒಂದೇ ಬೆರಳಚ್ಚಿನ ಎರಡು ಕಡತ ತಯಾರಿಸಿ, ಒಳ್ಳೆಯದನ್ನು ತೋರಿಸಿ ಕೆಟ್ಟದ್ದನ್ನು ಒಳಗೆ ಕೂರಿಸಬಹುದು, ಲಿಫ್ಟು ಬರುವ ಮೊದಲೇ ಬಾಗಿಲು ತೆರೆದುಕೊಂಡರೆ ಯಾರು ಹೊಣೆ ಎಂದು ರಾಯರು ಹದಿನಾಲ್ಕು ಪತ್ರ ಬರೆದಿದ್ದರು. ಓದಿದವರು ನಕ್ಕಿದ್ದರು, ಉಳಿದವರು ಓದಿರಲಿಲ್ಲ.

"ಸಂಶೋಧಕರು ಮಾಡಿಟ್ಟ ಜೋಡಿ ಇದೆ ಸಾರ್," ಎಂದರು ರಾಯರು ಆ ಬೆಳಗಿನ ಸಭೆಯಲ್ಲಿ. "ಒಂದು ನೀಲಿ ಪುಟ, ಒಂದು ಕೆಂಪು ಪುಟ. ಬೆರಳಚ್ಚು ಮಾತ್ರ ಒಂದೇ. ಆದ್ರೆ ಪ್ರಯೋಗಕ್ಕೆ ಬೇರೆ ಉಗ್ರಾಣ ಬೇಕು."

"ಬೇರೆಯದಕ್ಕೆ ಅರ್ಜಿ, ಮೂರು ಸಹಿ, ಮೂರು ವಾರ," ಎಂದರು ಮುಖ್ಯಸ್ಥರು. "ಇಲ್ಲೇ ಹಾಕ್ರೀ. ಎರಡು ಪುಟ ಹಾಕಿದ್ರೆ ಮುಳುಗಿಹೋಗತ್ತಾ?"

ಮುಳುಗಿತು.

ನೀಲಿ ಪುಟ ಸಲೀಸಾಗಿ ಒಳಗೆ ಹೋಯಿತು. ಕೆಂಪು ಪುಟ ಬಂದಾಗ ಉಗ್ರಾಣ, ಇದು ನನ್ನಲ್ಲಿ ಇದೆಯಲ್ಲ ಎಂದುಕೊಂಡು ಅದನ್ನು ಎಸೆದು, ಎರಡು ಹೆಸರಿಗೂ ನೀಲಿಯನ್ನೇ ಬರೆದುಕೊಂಡಿತು. ಹೊರಗೆ ಕೊಡುವಾಗ ಇನ್ನೊಂದು ತಪಾಸಣೆಯಿತ್ತು, ಕೆಂಪಿನ ಹೆಸರಿಗೆ ನೀಲಿ ಬಂದದ್ದು ಅಲ್ಲಿ ತಾಳೆಯಾಗಲಿಲ್ಲ. ಕೂಡಲೇ ಮುನಿಸಿಕೊಂಡ ಅತ್ತೆಯಂತೆ ಬಾಗಿಲು ಹಾಕಿಕೊಂಡು ಕೂತಿತು. ಯಾರಿಗೂ ಒಂದು ಸಾಲು ಕೊಡಲೊಲ್ಲದು, ಒಂದು ಸಾಲು ತೆಗೆದುಕೊಳ್ಳಲೊಲ್ಲದು.

ತಾನು ಹೇಳಿದ್ದೇ ಸರಿ ಎಂದು ರಾಯರಿಗೆ ಹೇಳಲಾಗದಷ್ಟು ಸಂತೋಷವಾಯಿತು. ಅದು ನಾಲ್ಕು ನಿಮಿಷ ಇತ್ತು.

"ರೀ, ಏನ್ರೀ ಮಾಡಿಟ್ರಿ?" ಎಂದು ಪರೀಕ್ಷಾ ವಿಭಾಗದ ಅಕ್ಕ ಎದ್ದು ಬಂದರು. ಎದುರು ಮೇಜಿನ ಸಲಹೆಗಾರ, ಯಾರೂ ಕೇಳದಿದ್ದರೂ ಸಲಹೆ ಕೊಡುವವನು, "ಏನಿಲ್ಲ, ನಿಮ್ಮ ಕಂಪ್ಯೂಟರಲ್ಲಿರೋದನ್ನ ಅಳಿಸಿ, ಹೊಸದಾಗಿ ತಗೊಳ್ಳಿ, ಎಲ್ಲಾ ಸರಿಹೋಗತ್ತೆ" ಎಂದು ಸಾರಿದ. ಆರು ಜನ ಅಳಿಸಿದರು. ಹೊಸದು ಬರಲಿಲ್ಲ, ಹಳೆಯದು ಹೋಯಿತು. ವಾರದ ದುಡಿಮೆ ನೀರುಪಾಲಾದ ಆ ಆರೂ ಜನ ಸಲಹೆಗಾರನನ್ನು ಬಿಟ್ಟು ರಾಯರನ್ನು ಮುತ್ತಿಕೊಂಡರು. ಅಷ್ಟರಲ್ಲಿ ಯಂತ್ರವೇ ಕಳಿಸುವ ದೂರಿನ ಮೇಲ್, ನಿಮಿಷಕ್ಕೊಂದರಂತೆ, ಲಿಫ್ಟಿನ ಪ್ರೋಗ್ರಾಂ ಕೊಳ್ಳುವ ಗಿರಾಕಿಗೂ ಹೋಗತೊಡಗಿತ್ತು.

"ಆ ಎರಡು ಪುಟ ತೆಗೆದುಬಿಡ್ರೀ!" ಎಂದು ಮುಖ್ಯಸ್ಥರು ಕಿರುಚಿದರು.

"ತೆಗೆಯೋಕೆ ಬಿಡಲ್ಲ ಸಾರ್. ಹಿಂದೆ ಹಾಕಿದ್ದನ್ನೆಲ್ಲ ನೆನಪಿಡ್ಲಿ ಅಂತಾನೇ ಇದನ್ನ ಇಟ್ಟಿರೋದು. ನೀವೇ ಹಾಕಿ ಅಂದ್ರಲ್ಲ..."

"ನಾನು? ನಾನ್ಯಾಕ್ರೀ ಅಂತೀನಿ?" ಮುಖ್ಯಸ್ಥರು ಸುತ್ತ ನೋಡಿದರು. ಬೆಳಗಿನ ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಆಗಲೇ ಮನೆಯಿಂದ ಹೆಂಡತಿಯ ಫೋನು. "ಪತ್ರ ಬಂತೇನ್ರೀ? ನಮ್ಮಣ್ಣಂಗೆ ಹೇಳಿಬಿಟ್ಟೆ, ಇವತ್ತಿಂದ ಇವ್ರೂ ಕಾಯಂ ಅಂತ."

"ಸಹಿಗೆ ಹೋಗಿದೆ," ಎಂದರು ರಾಯರು.

ನಾಲ್ಕು ಗಂಟೆಗೆ ನಿರ್ದೇಶಕಿ ಮ್ಯಾಡಂ ತಮ್ಮ ಕೋಣೆಗೆ ಕರೆಸಿದರು. ಹಿಂದಿನ ದಿನದ ನಕಲು ಕೂರಿಸಿ ಉಗ್ರಾಣದ ಬಾಗಿಲು ತೆರೆಸಿಯಾಗಿತ್ತು. ಮೇಜಿನ ಮೇಲೆ ರಾಯರ ಹದಿನಾಲ್ಕು ಪತ್ರಗಳು, ಪಕ್ಕದಲ್ಲಿ ಸಹಿಯಾಗದ ಆದೇಶಪತ್ರ.

"ಕೂತ್ಕೊಳ್ಳಿ. ಎಲ್ಲಾ ಓದಿದೆ. ನೀವು ಬರೆದಿದ್ದೆಲ್ಲ ಅಕ್ಷರಶಃ ನಿಜ."

ರಾಯರ ಕಣ್ಣು ತುಂಬಿ ಬಂತು. ಒಂಬತ್ತು ವರ್ಷದಲ್ಲಿ ಆ ಕಚೇರಿಯಲ್ಲಿ ಯಾರೂ ಅವರಿಗೆ ಹೀಗೆ ಹೇಳಿರಲಿಲ್ಲ.

"ಲೆಕ್ಕ ಬದಲಿಸೋಕೆ ಎಷ್ಟು ದಿನ ಬೇಕು?"

"ಆರು ತಿಂಗಳು ಮ್ಯಾಡಂ. ಎಲ್ಲರ ಕೆಲಸಾನೂ ಸ್ವಲ್ಪ ನಿಲ್ಲಿಸಬೇಕಾಗತ್ತೆ."

"ಹೂಂ. ಇವತ್ತು ಆಗಿದ್ದನ್ನ ಮಾಡೋಕೆ ಗೊತ್ತಿರೋರು ಇಲ್ಲಿ ಎಷ್ಟು ಜನ?"

"ನಾನೊಬ್ಬನೇ ಮ್ಯಾಡಂ," ಎಂದರು ರಾಯರು, ಎದೆಯುಬ್ಬಿಸಿ.

"ನಿಮ್ಮ ಗುತ್ತಿಗೆ ಮುಗಿಯೋದು ಯಾವತ್ತು?"

"ಇವತ್ತು ಐದೂವರೆಗೆ."

ಮ್ಯಾಡಂ ಆದೇಶಪತ್ರವನ್ನು ಎತ್ತಿ ಡ್ರಾಯರಿನೊಳಗಿಟ್ಟರು. "ಹಾಗಾದ್ರೆ ಆರು ತಿಂಗಳು ಯಾಕೆ? ಅಪಾಯ ಐದೂವರೆಗೇ ಮುಗೀತಲ್ಲ."

ರಾಯರಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು, ಹೆಂಡತಿಯ ಅಣ್ಣನ ಮುಖ ನೆನಪಾಗಿ.

"ಒಂದು ಸಹಾಯ ಮಾಡ್ತೀರಾ?" ಎಂದು ಮ್ಯಾಡಂ ಬಿಳಿ ಹಾಳೆ ಮುಂದೆ ಸರಿಸಿದರು. "ಅಪಾಯವನ್ನ ಪೂರ್ತಿ ನಿವಾರಿಸಿದೀವಿ ಅಂತ ಗಿರಾಕಿಗೆ ಒಂದು ಪತ್ರ ಬೇಕು. ಈ ವಿಷಯ ಬರೆಯೋಕೆ ನಿಮ್ಮನ್ನ ಬಿಟ್ರೆ ನಮ್ಮಲ್ಲಿ ಯಾರಿಗೂ ಬರಲ್ಲ."

ರಾಯರು ಬರೆದುಕೊಟ್ಟರು. ನಿವಾರಣೆಯಾದ ಸಮಯ ಎಂಬಲ್ಲಿ ಐದೂವರೆ ಎಂದು ತುಂಬಿ, ಚೀಲ ಹೆಗಲಿಗೇರಿಸಿಕೊಂಡು ಎದ್ದರು.