ಕಿವುಡು ಬಿದ್ದ ಮೂರು ಕೀಬೋರ್ಡು

ಒಂದು ಒಗಟು ಬಿಡಿಸ್ರಿ ನೋಡೋಣ: ನೂರಾನಾಲ್ಕು ಹಲ್ಲು, ಕಚ್ಚೋದಿಲ್ಲ. ಪಾಯ ತೋಡೋವರೆಗೂ ಹೇಳಿದ್ದು ಕೇಳುತ್ತೆ, ಗೋಡೆ ಎಬ್ಬಿಸೋಕೆ ನಿಂತರೆ ಕಿವುಡಾಗುತ್ತೆ. ಏನದು?

ನಿಮಗೆ ಬರೋದಿಲ್ಲ ಬಿಡ್ರಿ. ಉತ್ತರ, ಕೀಬೋರ್ಡು. ಕಂಪ್ಯೂಟರಿಗೆ ಹೊಸದಾಗಿ ಓಎಸ್, ಅಂದರೆ ಅದನ್ನು ನಡೆಸೋ ಮೂಲ ಸಾಫ್ಟ್‌ವೇರ್, ಹಾಕೋಕೆ ಕೂತಿದ್ದೇ ತಡ, ಅಲ್ಲಿವರೆಗೆ ಗಟ್ಟಿಮುಟ್ಟಾಗಿದ್ದ ಕೀಬೋರ್ಡು ಸತ್ತಂಗೆ ಬಿದ್ದುಬಿಡುತ್ತೆ. ನಾನು ಕೆಲಸಕ್ಕಿದ್ದ ಕೊಪ್ಪಳದ ಕಂಪ್ಯೂಟರ್ ಅಂಗಡಿಗೆ ವಾರಕ್ಕೊಂದಾದರೂ ಇಂಥ ಕೇಸು ಬರೋದೇ. ಬಂದಾಗೆಲ್ಲ ಮಾಲಕರು ನನ್ನನ್ನೇ ಕಳಿಸೋರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು, ಆದರೆ ಈ ರೋಗ ಮಾತ್ರ ನನಗೆ ನೋಡಿದ ಕೂಡಲೇ ಗೊತ್ತಾಗುತ್ತೆ.

ಅವ್ವ ಮಾಲಕರ ಹತ್ತಿರ ಒಂದು ಕರಾರು ಮಾಡಿಸಿದ್ದಳು. "ಇವನ ಮ್ಯಾಲ ಒಂದು ತಕರಾರು ಬಂದ್ರ ಮಾಫ್ ಮಾಡ್ರಿ. ಎರಡನೇದು ಬಂದ್ರ ಕಿವಿ ಹಿಡದು ಗಣಿತದ ಟ್ಯೂಷನ್ನಿಗೆ ಕುಂದರಸ್ರಿ." ನನಗೆ ಹಾವು, ಚೇಳು, ಯಾವುದರ ಹೆದರಿಕೆಯೂ ಇಲ್ಲ. ಟ್ಯೂಷನ್ ಅಂದರೆ ಮಾತ್ರ ಅಟ್ಟ ಹತ್ತಿ ಕೂತುಬಿಡ್ತೀನಿ.

೧. ಗಂಗಾವತಿಯ ಹಳೇ ದೇವರು

ಅಕ್ಕಿ ಗಿರಣಿ. ಕಂಪ್ಯೂಟರ್ ಹೊಚ್ಚ ಹೊಸದು. ಆದರೆ ಭತ್ತದ ಲಾರಿ ತೂಗುವ ಸಾಫ್ಟ್‌ವೇರ್ ಹಳೇ ಓಎಸ್‌ನಲ್ಲೇ ಓಡೋದು, ಅದನ್ನೇ ಹಾಕು ಅಂದರು ಸಾಹುಕಾರರು. ಹಾಕೋಕೆ ಕೂತರೆ ಕೀಬೋರ್ಡು ಮಿಸುಕಲಿಲ್ಲ. ಸಾಹುಕಾರರು ಒಂದರ ಹಿಂದೊಂದು ಮೂರು ಹೊಸ ಕೀಬೋರ್ಡು ತರಿಸಿದರು. ಮೂರರದೂ ಅದೇ ಹಾಡು.

"ಏನಪಾ, ಎಲ್ಲಾವೂ ಒಮ್ಮೆಲೇ ಸತ್ವೇನು?"

"ಜೀವಂತ ಅದಾವ್ರಿ ಸಾವ್ಕಾರ್ರ. ಹಳೇ ಓಎಸ್‌ಗೆ ಈ ಹೊಸಾ ಯುಎಸ್‌ಬಿ ಕಿಂಡಿ ಗುರ್ತ ಸಿಗವಲ್ದು. ದುಂಡನ ಪಿನ್ನಿನ ಹಳೇ ಕೀಬೋರ್ಡ್ ಅಟ್ಟದ ಮ್ಯಾಲ ಇದ್ರ ಇಳಸ್ರಿ."

ಇಳಿಸಿದರು. ಹೊಟ್ಟು ಜಾಡಿಸಿ, ಕಂಪ್ಯೂಟರಿನ ಹಿಂದಿದ್ದ ದುಂಡನೆ ಕಿಂಡಿಗೆ ಚುಚ್ಚಿ, ಮತ್ತೆ ಚಾಲೂ ಮಾಡಿದೆ. ಹೇಳಿದ್ದೆಲ್ಲ ಕೇಳಿತು.

"ಹಳೇ ದೇವ್ರಿಗೆ ಹಳೇ ಪೂಜಾರಿನ ಆಗಬೇಕು ನೋಡು" ಅಂದರು ಸಾಹುಕಾರರು.

"ಹೌದ್ರಿ, ಹೊಸಾ ಮೂರು ಪೂಜಾರಿಗೆ ದಕ್ಷಿಣಿ ಸುಮ್ನ ಹೋತು" ಅಂದೆ.

೨. ಯಲಬುರ್ಗಾದ ಎಡೆ

ಆಯುಧ ಪೂಜೆಯ ಮರುದಿನ, ಒಂದು ಜೆರಾಕ್ಸ್ ಅಂಗಡಿ. ಕೀಬೋರ್ಡಿನ ಹಣೆಗೆ ಮೂರು ಗೆರೆ ವಿಭೂತಿ, ಜೀವ ಮಾತ್ರ ಇಲ್ಲ.

"ಅಕ್ಕಾರ, ಪೂಜಿ ಎಲ್ಲೆಲ್ಲಿ ಮಾಡೀರಿ?"

"ಎಲ್ಲಾ ಕಡೆ ಮಾಡೀನೋ ತಮ್ಮಾ. ಶಕ್ತಿ ಇರೂದು ಪಿನ್ನಿನ್ಯಾಗ ಹೌದಲ್ಲೋ, ಅದಕ್ಕ ಅಲ್ಲಿ ಒಂಚೂರು ಜಾಸ್ತಿನ ಹಚ್ಚೀನಿ."

ಪಿನ್ನಿನೊಳಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಗಟ್ಟಿಯಾಗಿ ಕೂತಿತ್ತು. ಹಳೇ ಬ್ರಷ್ಷಿನಿಂದ ತಿಕ್ಕಿದೆ, ಕೀಬೋರ್ಡು ಕಣ್ಣು ಬಿಟ್ಟಿತು. ಓಎಸ್ ಕೂರುವವರೆಗೆ ನಾನು ಸುಮ್ಮನೆ ಕೂರಬೇಕಲ್ಲ? ಪ್ರಿಂಟರಿನ ಮುಚ್ಚಳ ಎತ್ತಿದೆ. ಗಾಜಿನ ಮೇಲೆ ದುಂಡಗೆ ಒಂದು ಹೋಳಿಗೆ!

"ಅದು ಎಡಿ ಐತಿ, ಮುಟ್ಟಬ್ಯಾಡ" ಅಂದು ಅಕ್ಕ ಗಿರಾಕಿ ಕಡೆ ತಿರುಗಿದರು.

ನಾನೇನೂ ದೇವರನ್ನು ಉಪವಾಸ ಕೆಡವಲಿಲ್ಲ. ಅದರದೊಂದು ಕಲರ್ ಕಾಪಿ ತೆಗೆದು ಅದೇ ಜಾಗದಲ್ಲಿಟ್ಟು, ಅಸಲಿ ತಿಂದೆ.

ಸಂಜೆಗೆ ಮಾಲಕರಿಗೆ ಮೊದಲ ತಕರಾರು ಬಂತು. "ನಿಮ್ಮ ಹುಡುಗ ದೇವ್ರಿಗೆ ಜೆರಾಕ್ಸ್ ಹೋಳಿಗಿ ಉಣಿಸ್ಯಾನ್ರಿ!"

೩. ಕುಷ್ಟಗಿಯ ಸಾಹೇಬರು

ಇನ್ನು ಒಂದೇ ತಕರಾರು ಬಾಕಿ, ಹುಷಾರಾಗಿರಬೇಕು ಅಂದುಕೊಂಡೇ ಕುಷ್ಟಗಿಯ ಒಂದು ಸರ್ಕಾರಿ ಆಫೀಸಿಗೆ ಹೋದೆ. ಅಲ್ಲಿ ವೈರಿಲ್ಲದ ಕೀಬೋರ್ಡು. ಎಷ್ಟು ಬಡಿದರೂ ಓಎಸ್ ಗುರುತು ಹಿಡಿಯಲಿಲ್ಲ. ಸಿಟ್ಟು ಬಂದು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ: ಏಳಲೇ ಕತ್ತೆ!

ಪಕ್ಕದ ಖೋಲಿಯಿಂದ ಜವಾನ ಓಡಿ ಬಂದ. "ತಮ್ಮಾ, ಮ್ಯಾಲಿನ ಆಫೀಸಿನವ್ರು ಕಂಪ್ಯೂಟರಿನ್ಯಾಗ ಸಾಹೇಬ್ರನ್ನ ಬೈಯಾಕತ್ಯಾರ! ಮಕ್ಕೊಂಡಿದ್ದು ಹೆಂಗ ಗೊತ್ತಾತೋ ಏನೋ, ಪಾಪ, ಕೈಕಟ್ಟಿ ನಿಂತಾರ."

ಇಣುಕಿ ನೋಡಿದೆ. ಈ ಕೀಬೋರ್ಡಿನ ಶೇಂಗಾಕಾಳಿನಷ್ಟು ರಿಸೀವರನ್ನು ಯಾರೋ ಸಾಹೇಬರ ಕಂಪ್ಯೂಟರಿಗೆ ಚುಚ್ಚಿದ್ದರು. ನಾನು ಬಡಿದದ್ದೆಲ್ಲ ಅವರ ಪರದೆ ಮೇಲೆ! ಅದನ್ನು ಕಿತ್ತು ತಂದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಬೆರಳು ಕೇಳಬೇಕಲ್ಲ. ವಾಪಸ್ ಬಂದು ಬಡಿದೆ: ಕುಂದರು. ಆಚೆ ಕುರ್ಚಿ ಕಿರ್ ಅಂದಿತು. ಮತ್ತೆ ಬಡಿದೆ: ಪಕ್ಕದ ಖೋಲಿ ಹುಡುಗಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಸು.

ಐದೇ ನಿಮಿಷಕ್ಕೆ ಬಿಸಿ ಬಿಸಿ ಮಿರ್ಚಿ ಬಂತು. ತಿಂದು, ರಿಸೀವರ್ ಜಾಗ ಬದಲಿಸಿ, ಓಎಸ್ ಹಾಕಿದೆ. ಸಾಹೇಬರು ನನಗೆ ಶಾಲು ಹೊದಿಸಿ, "ನಿನ್ನಂಥಾ ಹುಡುಗ ಜಿಲ್ಲಾಕ್ಕ ಒಬ್ಬ ಇದ್ರ ಸಾಕು" ಅಂದರು.

ನಂಬಿದ್ರೇನು? ಮಿರ್ಚಿ ಬಂದಲ್ಲಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು. ಮಿರ್ಚಿ ಅಂತ ಬಡಿಯುವಾಗಲೇ ಸಾಹೇಬರು ನನ್ನ ಬೆನ್ನ ಹಿಂದೆ ನಿಂತು ಬೆರಳು ನೋಡುತ್ತಿದ್ದರು. ಈಗ ಟ್ಯೂಷನ್ನಿನ ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹುಡುಗ ಪ್ರಮೇಯ ಬರೆಯುತ್ತಿದ್ದಾನೆ ಅಂತ ಮಾಸ್ತರರು ಭಾಳ ಖುಷಿಯಾಗಿದ್ದಾರೆ.