ಮೇಲಿನ ಹಲ್ಲು

ಅರ್ಜುನನಲ್ಲಿ ನೋಡುವಂಥದ್ದು ಒಂದೇ ಇತ್ತು, ಹಲ್ಲು. ವಯಸ್ಸು ಮೂವತ್ತಾರು. ಕೂದಲು ಹಣೆ ಬಿಟ್ಟು ನೆತ್ತಿಗೆ ಓಡಿತ್ತು. ಆದರೆ ನಕ್ಕರೆ ಎಳೆ ಗೋವಿನಜೋಳದ ತೆನೆ ಸುಲಿದ ಹಾಗೆ. ಫೋಟೋದಲ್ಲಿ ಆ ನಗು ನೋಡಿಯೇ ಮೂಡಲಗಿಯ ಹುಡುಗಿ, "ಕರಸ್ರಿ, ನೋಡೂಣು" ಎಂದಿದ್ದಳು. ಅಂಥ ಮಾತು ಅವನ ಬಾಳಿನಲ್ಲಿ ಯಾರೂ ಆಡಿರಲಿಲ್ಲ. ಇವತ್ತು ಮಧ್ಯಾಹ್ನ ಹೆಣ್ಣು ನೋಡಲು ಹೋಗಬೇಕಿತ್ತು.

ಬೆಳಿಗ್ಗೆಯಿಂದ ತಂಗಿ ಭಾಗ್ಯಾಳ ಎಂಟು ತಿಂಗಳ ಮಗಳು ಒಂದೇ ಸಮನೆ ಅಳುತ್ತಿತ್ತು. ಹಾಲು ಒಲ್ಲದು, ಗಂಜಿ ಒಲ್ಲದು, ಬಾಯಿಗೆ ಕೈ ತುರುಕಿಕೊಂಡು ಜೊಲ್ಲು ಸುರಿಸುತ್ತಿತ್ತು. ಕೂಸಿನ ಅಪ್ಪ ಕೆಲಸಕ್ಕೆ ಹೋಗಿದ್ದ. ಧುಪದಾಳದ ಆ ಓಣಿಯಲ್ಲಿ ಕೂಸು ಅತ್ತರೆ ಹೆತ್ತವಳಿಗಿಂತ ಮೊದಲು ನೆರೆಯವರು ಎದ್ದು ಬರುತ್ತಾರೆ.

ಬಾಜೂ ಮನೆಯ ಮೈಮುನಾಬಿ ಹಣೆ ಮುಟ್ಟಿ ನೋಡಿದಳು. "ಮೈ ಬಿಸಿ ಇಲ್ಲವ್ವಾ. ಬಾಯಾಗ ಏನರ ಆಗಿರಬೇಕು. ಘಟಪ್ರಭಾಕ್ಕ ಹೋಗಿ ಡಾಕ್ಟರಿಗೆ ತೋರಸ್ರಿ. ಮನ್ಯಾಗ ಏನೂ ಮಾಡಾಕ ಹೋಗಬ್ಯಾಡ್ರಿ."

ಒಳ್ಳೆಯ ಮಾತು. ನಮ್ಮ ಜನ ಒಳ್ಳೆಯ ಮಾತು ಯಾವತ್ತು ಕೇಳಿದ್ದಾರೆ? ಅಷ್ಟರಲ್ಲಿ ಎದುರು ಮನೆಯ ಮುದುಕಿ ಶೆಟ್ಟೆವ್ವ ಕೂಸಿನ ತುಟಿ ಎತ್ತಿ ಇಣುಕಿಯಾಗಿತ್ತು. ಕನ್ನಡಕ ಮಾತ್ರ ಮನೆಯಲ್ಲೇ ಉಳಿದಿತ್ತು.

"ಅಯ್ಯ ನನ ಶಿವನ! ಮ್ಯಾಲಿನ ಹಲ್ಲ ಮೊದಲ ಬಂದೈತಿ!"

ಭಾಗ್ಯಾ ಎದೆ ಹಿಡಿದುಕೊಂಡಳು. ಕೂಸಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬುದು ಓಣಿಗೆಲ್ಲ ಗೊತ್ತಿದ್ದ ಮಾತು. ಆ ಕೂಸಿಗಿದ್ದವನು ಒಬ್ಬನೇ ಮಾವ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ. ಎಲ್ಲರೂ ಅವನನ್ನು ಮಣ್ಣಿಗೆ ಬಂದವರ ಹಾಗೆ ನೋಡಿದರು.

"ನಾ ಚಲೋ ಅದೀನಿ" ಎಂದ ಅರ್ಜುನ.

"ಈಗ ಚಲೋ ಅದಿ" ಎಂದಳು ಶೆಟ್ಟೆವ್ವ.

"ಅಣ್ಣಾ, ಇವತ್ತ ಮೂಡಲಗಿಗೆ ಹೋಗಬ್ಯಾಡೋ. ಹಾದ್ಯಾಗ ಏನರ ಆದ್ರ?" ಭಾಗ್ಯಾ ಅಳತೊಡಗಿದಳು.

"ಹೋಗಲಿಲ್ಲಂದ್ರ ಆಕಿ ಬ್ಯಾರೆದವ್ನ ನೋಡತಾಳವ್ವಾ. ನನ್ನ ಇನ್ನ ಯಾರ ಕರೀತಾರ?" ಅವನೂ ಕಣ್ಣೊರೆಸಿಕೊಂಡ.

"ಅಳಬ್ಯಾಡ್ರಿ, ಪರಿಹಾರ ಐತಿ" ಎಂದಳು ಶೆಟ್ಟೆವ್ವ. "ಪರಾತದಾಗ ಎಣ್ಣಿ ಸುರೀರಿ. ಮಾಮಾ ಕೂಸಿನ ಮುಖಾ ಎಣ್ಣ್ಯಾಗ ನೋಡಿದ್ರ ಕೇಡು ಅಲ್ಲೇ ಮುಳಗತೈತಿ."

ಮೈಮುನಾಬಿ ಮತ್ತೆ ದವಾಖಾನೆಯ ಮಾತು ಎತ್ತಿದಳು. ಯಾರೂ ಕೇಳಲಿಲ್ಲ. ಅಗಲ ತಟ್ಟೆಯಂಥ ಪರಾತದಲ್ಲಿ ಎಣ್ಣೆ ಬಂತು. ಭಾಗ್ಯಾ ಕೂಸನ್ನು ಅದರ ಮೇಲೆ ಹಿಡಿದಳು, ಅರ್ಜುನ ಬಗ್ಗಿ ನೋಡಿದ. ಕೂಸಿಗೆ ಎಣ್ಣೆಯೂ ಬೇಡ, ಮಾವನೂ ಬೇಡ. ಒದ್ದ ಒದೆತಕ್ಕೆ ಪರಾತ ಮಗುಚಿತು. ನುಣುಪು ಬಂಡೆಯ ನೆಲದ ಮೇಲೆ ಎಣ್ಣೆ ಹರಿದು ಭಾಗ್ಯಾ ಜಾರಿದಳು. ಅರ್ಜುನ ಮುನ್ನುಗ್ಗಿ ಕೂಸನ್ನು ಎದೆಗವಚಿಕೊಂಡ. ಕೂಸಿಗೆ ಒಂದು ಗೀರೂ ಆಗಲಿಲ್ಲ. ಅವನ ಬಾಯಿ ಮಾತ್ರ ಹೊಸ್ತಿಲಿಗೆ ಬಡಿಯಿತು.

ಕೊನೆಗೆ ಎಲ್ಲರೂ ಆಟೋ ಹತ್ತಿ ಘಟಪ್ರಭಾಕ್ಕೇ ಹೋದರು. ಬಿಳಿ ಅಂಗಿ ಎಣ್ಣೆ, ರಕ್ತ ಎರಡನ್ನೂ ಕುಡಿದಿತ್ತು.

ಡಾಕ್ಟರಮ್ಮ ಮೊದಲು ಕೂಸಿನ ಬಾಯಿಗೆ ಬ್ಯಾಟರಿ ಬಿಟ್ಟರು. ಚಿಮಟಿಗೆಯಿಂದ ಮೆಲ್ಲನೆ ಏನನ್ನೋ ಎಳೆದರು. ಬಿಳಿಯ ಸಣ್ಣ ಚೂರು.

"ಇದು ಕೊಬ್ಬರಿ. ಒಸಡಿಗೆ ಸಿಕ್ಕೊಂಡಿತ್ತು, ಅದಕ್ಕ ಅಳಾಕತ್ತಿತ್ತು. ಇಷ್ಟ ಸಣ್ಣ ಕೂಸಿಗೆ ಇದನ್ನ ಯಾರ ಕೊಟ್ರಿ? ಗಂಟಲಾಗ ಸಿಕ್ಕಿದ್ರ ಜೀವಾನ ಹೋಗತಿತ್ತು!"

ಶೆಟ್ಟೆವ್ವ ತಲೆ ಮೇಲಿನ ಫ್ಯಾನು ನೋಡತೊಡಗಿದಳು. "ನಿನ್ನಿ ಚೀಪಾಕ ಕೊಟ್ಟಿದ್ನಿ..."

"ಹಂಗಾರ ಹಲ್ಲು?" ಎಂದಳು ಭಾಗ್ಯಾ.

"ಎಲ್ಲಿ ಹಲ್ಲು? ಇನ್ನೂ ಒಂದೂ ಬಂದಿಲ್ಲ."

ಕೂಸು ಬೋಳು ಒಸಡು ತೋರಿಸಿ ನಕ್ಕಿತು. ಅಷ್ಟೊತ್ತಿಗೆ ಅರ್ಜುನನ ಫೋನ್ ಬಡಿದುಕೊಂಡಿತು. ಹುಡುಗಿಯ ಕಾಕಾ. "ಯಾಕ್ರಿ, ಬರಲಿಲ್ಲಲ್ಲ? ಇರಲಿ ಬಿಡ್ರಿ. ವಿಡಿಯೋದಾಗ ಒಂದ ಸಲ ನೋಡತೇನಿ ಅಂತಾಳ ನಮ್ಮ ಹುಡುಗಿ. ಫೋಟೋದಾಗ ನಕ್ಕೀರಲ್ಲ, ಹಂಗ ನಕ್ಕಬಿಡ್ರಿ ಸಾಕು."

ಅರ್ಜುನ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ. ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದ. ಅವನ ಇನ್ನೊಂದು ಕೈಯ ಕರವಸ್ತ್ರದಲ್ಲಿ ಮುಂದಿನ ಒಂದು ಹಲ್ಲು ಮುರಿದು ಎರಡು ತುಂಡಾಗಿ ಬಿದ್ದಿತ್ತು.

ಶೆಟ್ಟೆವ್ವ ಬಗ್ಗಿ ಅದನ್ನು ನೋಡಿದಳು. ಅವಳ ಮುಖಕ್ಕೆ ಕಳೆ ಬಂತು.

"ಮ್ಯಾಲಿಂದ ಹೌದಿಲ್ಲೋ? ಮತ್ತ ನಾ ಹೇಳಿದ್ದ ಸುಳ್ಳಾತೇನ?"